ಟ್ರೆಕ್ಕಿಂಗ್‌ಗೆ ಪೆಟ್ರೋಲ್ ಸ್ಟೋವ್ ಬೇಕಾ, ಗ್ಯಾಸ್ ಸಾಕಾ? ಕೊಡಗಿನಲ್ಲಿ ಬಳಸಿದವರು ಹೇಳಿ

ಕಕ್ಕಬ್ಬೆ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಕ್ಕಬ್ಬೆ ಕಡೆ, ಕೆಲಸ ಮೈಸೂರಿನಲ್ಲಿ. ಹುತ್ತರಿ ಕಳೆದ ಮೇಲೆ ಐದು ಜನ ಸೇರಿ ಮೂರು ರಾತ್ರಿ, ನಾಲ್ಕು ಹಗಲು ನಡೆಯಬೇಕು ಅಂತ ಮಾತಾಗಿದೆ. ತಡಿಯಂಡಮೋಳ್ ಹತ್ತಿ ಇಳಿಯುವುದಕ್ಕೆ ಒಂದು ದಿನ. ಉಳಿದದ್ದೆಲ್ಲ ತೋಟದ ದಾರಿ, ಊರ ದಾರಿ. ಕಾಡಿನೊಳಗೆ ರಾತ್ರಿ ಉಳಿಯುವುದಿಲ್ಲ. ನೆಂಟರು, ಪರಿಚಯದವರ ತೋಟಗಳಲ್ಲಿ ಕೇಳಿಕೊಂಡು ಟೆಂಟ್ ಹಾಕುತ್ತೇವೆ. ಅಡುಗೆ ಮಾತ್ರ ನಮ್ಮದೇ.

ಮುಂದಿನ ಆಗಸ್ಟ್‌ಗೆ ಲಡಾಖಿನ ಮರ್ಖಾ ಕಣಿವೆಗೆ ಹೋಗುವ ಆಸೆಯೂ ಇದೆ. ಎರಡಕ್ಕೂ ಆಗುವ ಒಂದೇ ಸ್ಟೋವ್ ತೆಗೆದುಕೊಳ್ಳೋಣ ಅಂತ ನೋಡುತ್ತಿದ್ದೇನೆ. ವಿಸ್ಪರ್‌ಲೈಟ್, ಡ್ರ್ಯಾಗನ್‌ಫ್ಲೈ, ಪ್ರೈಮಸ್ ಓಮ್ನಿಫ್ಯೂಯಲ್, ಈ ಮೂರರ ಹೆಸರು ಕೇಳಿದ್ದೇನೆ. ಯಾವುದನ್ನೂ ಕೈಯಲ್ಲಿ ಹಿಡಿದು ನೋಡಿಲ್ಲ. ಬೆಲೆ ಹತ್ತು ಸಾವಿರ ದಾಟುತ್ತದೆ. ಒಮ್ಮೆ ತೆಗೆದುಕೊಂಡರೆ ಹದಿನೈದು ವರ್ಷ ಬರಬೇಕು. ಬಳಸಿದವರು ದಯವಿಟ್ಟು ಹೇಳಿ.

ಮಡಿಕೇರಿ ಮಂಜು:
ಕೊಡಗಿನ ಮಟ್ಟಿಗೆ ನನ್ನ ಓಟು ಗ್ಯಾಸಿಗೆ. ಪೆಟ್ರೋಲ್, ಸೀಮೆಎಣ್ಣೆಯಂಥ ದ್ರವ ಇಂಧನದ ಸ್ಟೋವಿನ ದೊಡ್ಡ ಗುಣ ಅಂದರೆ ಕೊರೆಯುವ ಚಳಿಯಲ್ಲೂ ಉರಿಯುವುದು. ಗ್ಯಾಸ್ ಡಬ್ಬಿಯಲ್ಲಿ ತುಂಬುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಐಸೋಬ್ಯೂಟೇನ್ ಮೈನಸ್ 11ರ ತನಕ ತಡೆಯುತ್ತದೆ. ನಮ್ಮಲ್ಲಿ ಡಿಸೆಂಬರ್ ರಾತ್ರಿ ಎಷ್ಟೇ ನಡುಗಿದರೂ ಅಷ್ಟು ಕೆಳಗೆ ಹೋಗುವುದಿಲ್ಲ ಅಲ್ವಾ?

ಭಾರದ ಲೆಕ್ಕವನ್ನೂ ನೋಡಿ. ಮೇಲೆ ತಿರುಗಿಸಿ ಕೂರಿಸುವ ಗ್ಯಾಸ್ ಬರ್ನರ್ 100 ಗ್ರಾಂ ಒಳಗೆ ಸಿಗುತ್ತದೆ. 230 ಗ್ರಾಂ ಗ್ಯಾಸಿನ ಡಬ್ಬಿ, ತಗಡು ಸೇರಿ 400 ಗ್ರಾಂ ಒಳಗೆ. ಅಂಥ ಎರಡು ಡಬ್ಬಿ ಇದ್ದರೆ ಐದು ಜನಕ್ಕೆ ಮೂರು ದಿನ ತಳ್ಳಬಹುದು. ಒಟ್ಟು 900 ಗ್ರಾಂ ಅಂದುಕೊಳ್ಳಿ. ಪೆಟ್ರೋಲಿನದ್ದಾದರೆ ಸ್ಟೋವ್ 300ರಿಂದ 400 ಗ್ರಾಂ, ದೊಡ್ಡ ಬಾಟಲಿ 200ರ ಮೇಲೆ, ಅದರೊಳಗೆ ಅರ್ಧ ಕಿಲೋ ಇಂಧನ. ಕಿಲೋ ದಾಟಿತು. ಮೂರು ರಾತ್ರಿಗೆ ಗ್ಯಾಸೇ ಹಗುರ. ಕಡ್ಡಿ ಗೀರಿದರೆ ಉರಿ.

ಬ್ರಹ್ಮಗಿರಿ ಅಕ್ಕ:
ಮಂಜು ಅವರ ಲೆಕ್ಕ ಸರಿ. ಮೂರು ರಾತ್ರಿಗೆ ಮಾತ್ರ ಆದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ತಮ್ಮನ ಪ್ರಶ್ನೆಯಲ್ಲಿ ಮರ್ಖಾ ಇದೆ. ಅಲ್ಲಿ ಏಳೆಂಟು ದಿನ ಆಗುತ್ತದೆ. ದಿನ ಹೆಚ್ಚಾದಷ್ಟೂ ಖಾಲಿ ಡಬ್ಬಿಗಳ ಭಾರ ಹೊರಬೇಕು. ಬಾಟಲಿ ಮಾತ್ರ ಒಂದೇ ಇರುತ್ತದೆ, ದಿನದಿಂದ ದಿನಕ್ಕೆ ಹಗುರವಾಗುತ್ತಾ ಹೋಗುತ್ತದೆ.

ಹನ್ನೆರಡು ವರ್ಷದಿಂದ ದ್ರವ ಇಂಧನದ ಸ್ಟೋವ್ ಬಳಸುತ್ತಿದ್ದೇನೆ. ನನ್ನದು ಒಂದೇ ಮಾತು: ಸ್ಟೋವ್ ಆರಿಸುವ ಮೊದಲು ಇಂಧನ ಆರಿಸಿ. ನೀವು ನಡೆಯಲು ಶುರು ಮಾಡುವ ಊರಿನಲ್ಲಿ ಏನು ಸಿಗುತ್ತದೆ? ಹೊರದೇಶದ ಬರಹಗಳೆಲ್ಲ ವೈಟ್ ಗ್ಯಾಸ್ ತುಂಬಿ ಅನ್ನುತ್ತವೆ. ಹೆಸರು ಗ್ಯಾಸ್ ಆದರೂ ಅದು ಶುದ್ಧ ಮಾಡಿದ ನಾಫ್ತಾ, ದ್ರವ. ವಿರಾಜಪೇಟೆ, ಸೋಮವಾರಪೇಟೆ ಅಂಗಡಿಯಲ್ಲಿ ಅದನ್ನು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ತಿರುಗಿಸಿ ಕೂರಿಸುವ ಗ್ಯಾಸ್ ಡಬ್ಬಿಯನ್ನೂ ಬೆಂಗಳೂರಿನಿಂದಲೋ ಆನ್‌ಲೈನಿನಿಂದಲೋ ತರಿಸಬೇಕು. ಸೀಮೆಎಣ್ಣೆ ಮೊದಲಿನ ಹಾಗೆ ಸುಲಭಕ್ಕೆ ಸಿಗುವುದಿಲ್ಲ. ಉಳಿದದ್ದು ಪೆಟ್ರೋಲ್. ಅದು ಕುಶಾಲನಗರದಲ್ಲೂ ಇದೆ, ಲೇಹದಲ್ಲೂ ಇದೆ.

ಹಾಗಾಗಿ ಪೆಟ್ರೋಲ್ ಮತ್ತು ಸೀಮೆಎಣ್ಣೆ ಎರಡನ್ನೂ ಉರಿಸುವ ಸ್ಟೋವ್ ನೋಡಿ. ವಿಸ್ಪರ್‌ಲೈಟಿನಲ್ಲಿ ಹಲವು ಬಗೆ ಇವೆ. ಇಂಟರ್‌ನ್ಯಾಷನಲ್ ಮತ್ತು ಯೂನಿವರ್ಸಲ್ ಇವೆರಡಕ್ಕೂ ಎಲ್ಲ ನಡೆಯುತ್ತದೆ. ಯೂನಿವರ್ಸಲ್‌ಗೆ ಗ್ಯಾಸ್ ಡಬ್ಬಿಯನ್ನೂ ಜೋಡಿಸಬಹುದು. ಓಮ್ನಿಫ್ಯೂಯಲ್ ಕೂಡ ಹಾಗೆಯೇ. ಇಂಧನ ಬದಲಿಸಿದಾಗ ಜೆಟ್, ಅಂದರೆ ಇಂಧನ ಹೊರಬರುವ ಸಣ್ಣ ತೂತಿನ ಭಾಗ, ಬದಲಿಸಬೇಕು, ಅದನ್ನು ಮರೆಯಬೇಡಿ. ಓಮ್ನಿಫ್ಯೂಯಲ್‌ನಲ್ಲಿ ಗ್ಯಾಸಿಗೆ 0.45 ಮಿ.ಮೀ., ಪೆಟ್ರೋಲಿಗೆ 0.37, ಸೀಮೆಎಣ್ಣೆಗೆ 0.28. ದೊಡ್ಡ ತೂತಿನಲ್ಲಿ ಸೀಮೆಎಣ್ಣೆ ಹೋದರೆ ಹಳದಿ ಉರಿ, ಪಾತ್ರೆಗೆಲ್ಲ ಮಸಿ.

ಕಕ್ಕಬ್ಬೆ ಹುಡುಗ:
ಥ್ಯಾಂಕ್ಸ್ ಅಕ್ಕ. ಜೆಟ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಮೂರರಲ್ಲಿ ಅನ್ನ ಮಾಡಲು ಯಾವುದು ಒಳ್ಳೆಯದು? ಉರಿ ಸಣ್ಣ ಮಾಡಲು ಬರುವುದಿಲ್ಲ ಅಂತ ಯಾರೋ ಹೇಳಿದರು.

ಬ್ರಹ್ಮಗಿರಿ ಅಕ್ಕ:
ವಿಸ್ಪರ್‌ಲೈಟಿಗೆ ಒಂದೇ ತಿರುಪು, ಅದೂ ಪಂಪಿನ ಹತ್ತಿರ. ತಿರುಗಿಸಿದ ಮೇಲೆ ಉರಿ ಬದಲಾಗಲು ಸ್ವಲ್ಪ ಹೊತ್ತು ಬೇಕು. ನೀರು ಕುದಿಸಲು ಬಹಳ ಚೆಂದ. ಅನ್ನ ಬಸಿಯುವವರಿಗೆ ತೊಂದರೆ ಇಲ್ಲ. ನೀರು ಇಂಗಿಸುವವರಿಗೆ ತಳ ಹಿಡಿಯುತ್ತದೆ. ಸಣ್ಣ ಉರಿ ಬೇಕಾದರೆ ಬಾಟಲಿಗೆ ಕಡಿಮೆ ಗಾಳಿ ಹೊಡೆದು ಉರಿಸಿ. ಡ್ರ್ಯಾಗನ್‌ಫ್ಲೈ, ಓಮ್ನಿಫ್ಯೂಯಲ್ ಎರಡರಲ್ಲೂ ಬರ್ನರ್ ಪಕ್ಕದಲ್ಲೇ ಇನ್ನೊಂದು ತಿರುಪು ಇದೆ. ಅದರಲ್ಲಿ ಉರಿ ಹೇಳಿದ ಹಾಗೆ ಕೇಳುತ್ತದೆ. ತರಿ ಗಂಜಿ ಮಾಡಿದ್ದೇನೆ, ಒಮ್ಮೆ ಅಕ್ಕಿ ರೊಟ್ಟಿಯನ್ನೂ ಬೇಯಿಸಿದ್ದೇನೆ.

ಸೋಮವಾರಪೇಟೆ ಏಲಕ್ಕಿ:
ಮಕ್ಕಳೇ, ನೀವು ಹೇಳುತ್ತಿರುವುದು ನಮ್ಮ ಅಡುಗೆಮನೆಯ ಪಂಪ್ ಸ್ಟೋವಿನ ಮೊಮ್ಮಗನ ವಿಷಯ. 1892ರಲ್ಲಿ ಸ್ವೀಡನ್ನಿನಲ್ಲಿ ಲಿಂಡ್‌ಕ್ವಿಸ್ಟ್ ಎಂಬುವರು ಮಾಡಿದ ಪ್ರೈಮಸ್ ಅದರ ಮೂಲ. 1953ರಲ್ಲಿ ಎವರೆಸ್ಟ್ ಹತ್ತಿದ ತಂಡದ ಹತ್ತಿರವೂ ಪ್ರೈಮಸ್ ಇತ್ತು. ಅದೇ ಜಾತಿಯ ಹಿತ್ತಾಳೆ ಸ್ಟೋವ್ ನಮ್ಮ ಮನೆಯಲ್ಲಿ ಮೂವತ್ತು ವರ್ಷ ಉರಿಯಿತು. ಮಳೆಗಾಲದಲ್ಲಿ ಸೌದೆ ಒದ್ದೆಯಾಗಿ ಒಲೆ ಹೊಗೆ ಕಾರುವಾಗ ಅದೇ ಗತಿ.

ಅದರ ಒಳಗುಟ್ಟು ತಿಳಿದರೆ ಹೊಸದನ್ನು ಬಳಸುವುದು ಕಷ್ಟವಲ್ಲ. ಈ ಸ್ಟೋವಿನಲ್ಲಿ ಉರಿಯುವುದು ಎಣ್ಣೆ ಅಲ್ಲ, ಎಣ್ಣೆಯ ಆವಿ. ಗಾಳಿ ಹೊಡೆದಾಗ ಎಣ್ಣೆ ಮೇಲೇರುತ್ತದೆ. ಉರಿಯ ಬಿಸಿಗೆ ಕಾದ ಕೊಳವೆಯೊಳಗೆ ಆವಿಯಾಗುತ್ತದೆ. ಸಣ್ಣ ತೂತಿನಿಂದ ರಭಸವಾಗಿ ಹೊರಬಂದು, ಗಾಳಿ ಬೆರೆತು ನೀಲಿಯಾಗಿ ಉರಿಯುತ್ತದೆ. ಹಾಗಾಗಿ ಶುರುವಿನಲ್ಲಿ ಆ ಕೊಳವೆಯನ್ನು ನೀವೇ ಕಾಯಿಸಬೇಕು. ನಮ್ಮ ತಾಯಿ ಬಟ್ಟಲಿನಂಥ ಜಾಗಕ್ಕೆ ಸ್ಪಿರಿಟ್ ಹುಯ್ದು ಕಡ್ಡಿ ಗೀರುತ್ತಿದ್ದರು. ಅದು ಆರುವ ಹೊತ್ತಿಗೆ ಸರಿಯಾಗಿ ಎರಡು ಸಲ ಪಂಪ್ ಒತ್ತುತ್ತಿದ್ದರು. ಒಂದು ಕ್ಷಣ ಮುಂಚೆಯೂ ಇಲ್ಲ, ತಡವೂ ಇಲ್ಲ. ಗುಂಯ್ ಅಂತ ಶಬ್ದ ಬಂದರೆ ಕಾಫಿ ಆಯಿತು ಅಂತಲೇ ನಾವು ಎದ್ದು ಕೂರುತ್ತಿದ್ದೆವು.

ಪಂಪಿನ ಚರ್ಮದ ವಾಷರ್ ಒಣಗಿದರೆ ಗಾಳಿ ಹಿಡಿಯುವುದಿಲ್ಲ. ಎರಡು ತೊಟ್ಟು ಎಣ್ಣೆ ಬಿಟ್ಟು, ಬೆರಳಿನಲ್ಲಿ ಅಂಚನ್ನು ಅಗಲಿಸಿ ಒಳಗೆ ತೂರಿಸಬೇಕು. ಹೊಸ ಸ್ಟೋವಿನ ಪಂಪಿನಲ್ಲೂ ಹಲವು ಕಡೆ ಚರ್ಮವೇ ಇದೆ ಅಂತ ಕೇಳಿದ್ದೇನೆ. ಹೌದಾ?

ಗೋಣಿಕೊಪ್ಪ ಗ್ಯಾರೇಜ್:
ಹೌದು ಸರ್, ವಿಸ್ಪರ್‌ಲೈಟ್ ಪಂಪಿನಲ್ಲಿ ಈಗಲೂ ಚರ್ಮದ ವಾಷರೇ.

ನಾನು ಟ್ರೆಕ್ಕಿಂಗ್ ಮಾಡುವವನಲ್ಲ. ಆದರೆ ಮೂರ್ನಾಲ್ಕು ಜನ ಈ ಸ್ಟೋವ್ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದಾರೆ. ಎಲ್ಲದರಲ್ಲೂ ಕಾಯಿಲೆ ಎರಡೇ. ಒಂದು, ಓ ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಇನ್ನೊಂದು, ಜೆಟ್ ಕಟ್ಟಿಕೊಂಡಿರುತ್ತದೆ. ಎರಡಕ್ಕೂ ಕಾರಣ ಪೆಟ್ರೋಲನ್ನು ಬಾಟಲಿಯಲ್ಲೇ ಬಿಟ್ಟು ಅಟ್ಟಕ್ಕೆ ಹಾಕಿದ್ದು.

ಈಗಿನ ಪೆಟ್ರೋಲಿನಲ್ಲಿ ಶೇ. 20ರ ತನಕ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮೂರ ಮಳೆಗಾಲದಲ್ಲಿ ಕೇಳಬೇಕಾ! ಕೆಲವು ಜಾತಿಯ ರಬ್ಬರ್ ಅದರಲ್ಲಿ ಊದಿಕೊಳ್ಳುತ್ತದೆ. ಜೊತೆಗೆ ಎಂಜಿನಿಗೆ ಅಂತ ಹಾಕಿದ ಬೇರೆ ರಾಸಾಯನಿಕಗಳು ಇರುತ್ತವೆ. ಅವು ಕಾದ ಕೊಳವೆಯಲ್ಲಿ ಕರಿಯಾಗಿ ಕೂರುತ್ತವೆ. ಅದಕ್ಕೇ ಹೊರಡುವ ಮುಂಚಿನ ದಿನ ತುಂಬಿಸಿ, ಬಂದ ದಿನ ಖಾಲಿ ಮಾಡಿ. ಉಳಿದದ್ದನ್ನು ಬೈಕಿಗೆ ಹುಯ್ಯಿರಿ. ಓ ರಿಂಗ್, ಚರ್ಮದ ವಾಷರ್, ಜೆಟ್ ಚುಚ್ಚುವ ಪಿನ್ನು, ಈ ಮೂರು ಇರುವ ಚಿಕ್ಕ ರಿಪೇರಿ ಪೊಟ್ಟಣ ಸ್ಟೋವಿನ ಜೊತೆಗೇ ತೆಗೆದುಕೊಳ್ಳಿ. ಆ ಅಳತೆಯ ಓ ರಿಂಗ್ ಇಲ್ಲಿ ಸಿಗುವುದಿಲ್ಲ, ಬೈಕಿನದ್ದು ಕೂರುವುದಿಲ್ಲ.

ಕುಡಿಯುವ ನೀರಿನ ಅಲ್ಯೂಮಿನಿಯಂ ಬಾಟಲಿಗೆ ಪಂಪ್ ಹಾಕಲು ಹೋಗಬೇಡಿ. ನೋಡಲು ಒಂದೇ ತರಹ ಇರುತ್ತದೆ. ಒತ್ತಡಕ್ಕೆ ಅಂತ ಮಾಡಿದ್ದು ಬೇರೆಯೇ.

ಕುಶಾಲನಗರ ಸೈಕಲ್:
ಒಬ್ಬರೇ ಹೋಗುವವರಾದರೆ ಸ್ಪಿರಿಟ್ ಬಟ್ಟಲು ಸಾಕು. ನನ್ನದು 30 ಗ್ರಾಂ ಕೂಡ ಇಲ್ಲ. ಆದರೆ ಐದು ಜನದ ಅನ್ನಕ್ಕೆ ಆಗುವುದಿಲ್ಲ, ಅದನ್ನು ಒಪ್ಪುತ್ತೇನೆ. ಹಗಲಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೇ ಇಲ್ಲ. ಉರಿಯುತ್ತಿದೆ ಅಂತ ಗೊತ್ತಾಗದೆ ಮತ್ತೆ ಸ್ಪಿರಿಟ್ ಹುಯ್ಯಲು ಹೋಗಿ ಕೈ ಸುಟ್ಟುಕೊಂಡಿದ್ದೇನೆ. ಆರಿದೆಯಾ ಅಂತ ಮೇಲೆ ಒಣ ಎಲೆ ಹಿಡಿದು ನೋಡಿ, ಆಮೇಲೆ ತುಂಬಿ.

ಕಕ್ಕಬ್ಬೆ ಹುಡುಗ:
ಸುಟ್ಟುಕೊಳ್ಳುವ ಮಾತು ಬಂದದ್ದಕ್ಕೆ ಕೇಳುತ್ತೇನೆ. ವಿಡಿಯೋಗಳಲ್ಲಿ ಹಚ್ಚುವಾಗ ಮೊಳದುದ್ದ ಹಳದಿ ಉರಿ ಏಳುವುದನ್ನು ನೋಡಿ ಅಮ್ಮ ಗಾಬರಿಯಾಗಿದ್ದಾರೆ. ನನಗೂ ಭಯವಿದೆ. ಅದು ಮಾಮೂಲಾ?

ಬ್ರಹ್ಮಗಿರಿ ಅಕ್ಕ:
ಮೊಳದುದ್ದ ಮಾಮೂಲಲ್ಲ. ಗೇಣಿನಷ್ಟು ಮಾಮೂಲು. ನಾನು ಮಾಡುವ ರೀತಿ ಬರೆಯುತ್ತೇನೆ, ಅಮ್ಮನಿಗೂ ಓದಿ ಹೇಳಿ.

ಬಾಟಲಿಯನ್ನು ಗುರುತಿನ ತನಕ ಮಾತ್ರ ತುಂಬಿಸುತ್ತೇನೆ. ಮೇಲೆ ಗಾಳಿಗೆ ಜಾಗ ಬೇಕು, ಬಿಸಿಲಿಗೆ ಪೆಟ್ರೋಲ್ ಹಿಗ್ಗುವುದಕ್ಕೂ ಜಾಗ ಬೇಕು. ಪಂಪ್ ತಿರುಗಿಸಿ ಬಿಗಿಮಾಡಿ, ಹದಿನೈದು ಇಪ್ಪತ್ತು ಸಲ ಗಾಳಿ ಹೊಡೆಯುತ್ತೇನೆ. ಕೂಡಲೇ ಹಚ್ಚುವುದಿಲ್ಲ. ಮೂಗು ಹತ್ತಿರ ತಂದು, ಎಲ್ಲ ಜೋಡಣೆಗಳನ್ನೂ ಬೆರಳಿನಿಂದ ಮುಟ್ಟಿ ನೋಡುತ್ತೇನೆ. ಬೆರಳು ತಣ್ಣಗಾದರೆ ಅಲ್ಲಿ ಸೋರುತ್ತಿದೆ ಅಂತ ಅರ್ಥ. ಪೆಟ್ರೋಲ್ ಆರುವಾಗ ಚರ್ಮದ ಬಿಸಿ ಎಳೆಯುತ್ತದೆ. ಕಣ್ಣಿಗೆ ಕಾಣದ ಸೋರಿಕೆಯನ್ನು ಬೆರಳು ಹೇಳುತ್ತದೆ.

ಸರಿಯಿದ್ದರೆ ತಿರುಪು ತುಸು ತೆರೆದು, ಬರ್ನರ್ ಕೆಳಗಿನ ಬಟ್ಟಲಿನಲ್ಲಿ ಅರ್ಧ ಚಮಚದಷ್ಟು ಇಂಧನ ಬಂದ ಕೂಡಲೇ ಮುಚ್ಚುತ್ತೇನೆ. ಅರ್ಧ ಚಮಚ ಸಾಕು. ಮೊಳದುದ್ದ ಉರಿ ಏಳುವುದು ಎರಡು ಮೂರು ಚಮಚ ಬಿಟ್ಟವರಿಗೆ. ಮುಖ ಹಿಂದೆ ಇಟ್ಟು, ಬದಿಯಿಂದ ಕಡ್ಡಿ ಹಿಡಿಯುತ್ತೇನೆ. ಹಳದಿ ಉರಿ ಏಳುತ್ತದೆ, ಒಂದು ನಿಮಿಷ ಉರಿದು ಕುಗ್ಗುತ್ತದೆ. ಬಟ್ಟಲಿನ ಅಂಚಿನಲ್ಲಿ ಇನ್ನೇನು ಆರಬೇಕು ಅನ್ನುವಾಗ ತಿರುಪನ್ನು ಕಾಲು ಸುತ್ತು ತೆರೆಯುತ್ತೇನೆ. ಪಟಪಟ ಅನ್ನುತ್ತದೆ, ನೀಲಿಯಾಗುತ್ತದೆ. ಮತ್ತೆ ಹಳದಿಗೆ ತಿರುಗಿದರೆ ಕೊಳವೆ ಕಾದಿಲ್ಲ ಅಂತ. ಮುಚ್ಚಿ, ಪೂರ್ತಿ ಆರಲು ಬಿಟ್ಟು, ತಣ್ಣಗಾದ ಮೇಲೆ ಮೊದಲಿನಿಂದ ಶುರು. ಅವಸರ ಮಾಡಿ ಅದೇ ಉರಿಯ ಮೇಲೆ ಇನ್ನಷ್ಟು ತೆರೆದರೆ ಹಸಿ ಪೆಟ್ರೋಲ್ ಚಿಮ್ಮುತ್ತದೆ.

ಆ ಅವಸರ ನಾನು ಒಮ್ಮೆ ಮಾಡಿದ್ದೇನೆ. ಶ್ರೀಮಂಗಲ ಕಡೆಯ ಒಂದು ತೋಟ. ಸಂಜೆಯಿಂದ ಮಳೆ ಬಿಟ್ಟಿರಲಿಲ್ಲ. ಕಾಲಿಗೆಲ್ಲ ಜಿಗಣೆ, ಜೊತೆಯಲ್ಲಿದ್ದ ಇಬ್ಬರು ಹುಡುಗಿಯರು ಚಳಿಗೆ ನಡುಗುತ್ತಿದ್ದರು. ತಾಡಪಾಲಿನ ಕೆಳಗೆ ಸ್ಟೋವ್ ಇಟ್ಟು, ಉರಿ ಹಳದಿ ಇರುವಾಗಲೇ ತಿರುಪು ತೆರೆದುಬಿಟ್ಟೆ. ಉರಿ ನನ್ನ ಎದೆಯೆತ್ತರ ಬಂತು. ತಾಡಪಾಲಿನ ಅಂಚು ಕರಗಿ ತೊಟ್ಟು ತೊಟ್ಟಾಗಿ ಬಿತ್ತು. ಪಂಪಿನ ತಿರುಪು ಕೈಗೆ ಸಿಕ್ಕಿದ್ದಕ್ಕೆ ಬಚಾವಾದೆವು. ಬಾಟಲಿ ಉರಿಯಿಂದ ದೂರ ಇರುವ ಸ್ಟೋವಿನ ಬೆಲೆ ನನಗೆ ಆವತ್ತು ತಿಳಿಯಿತು. ಈಗ ಕಾಯಿಸಲು ಪೆಟ್ರೋಲ್ ಬದಲು ಸ್ಪಿರಿಟ್ ಬಳಸುತ್ತೇನೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಕೂಡ ಆಗುತ್ತದೆ. ಉರಿ ಗಿಡ್ಡ, ಮಸಿ ಇಲ್ಲ. ಸೀಮೆಎಣ್ಣೆಗಂತೂ ಸ್ಪಿರಿಟ್ಟೇ ಒಳ್ಳೆಯದು.

ಟೆಂಟಿನೊಳಗೆ ಮಾತ್ರ ಯಾವತ್ತೂ ಹಚ್ಚಬೇಡಿ. ಬೆಂಕಿಯ ಭಯ ಒಂದು ಕಡೆ. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆ ಬಂದ ಹಾಗೆಯೇ ಆಗುತ್ತದೆ.

ಮಡಿಕೇರಿ ಮಂಜು:
ಅಕ್ಕ, ಒಂದು ಸೇರಿಸುತ್ತೇನೆ. ಗಾಳಿ ತಡೆಯುವ ತಗಡನ್ನು ನಿಮ್ಮ ಸ್ಟೋವಿಗೆ ಸುತ್ತ ಕಟ್ಟಬಹುದು, ಬಾಟಲಿ ಹೊರಗಿರುತ್ತದೆ. ನಾನು ಬಳಸುವ, ಡಬ್ಬಿಯ ಮೇಲೆ ಕೂರುವ ಗ್ಯಾಸ್ ಬರ್ನರಿಗೆ ಹಾಗೆ ಸುತ್ತಲೂ ಕಟ್ಟಲೇಬಾರದು. ಡಬ್ಬಿ ಕಾದು ಸಿಡಿಯುತ್ತದೆ. ಕೋಟೆಬೆಟ್ಟದಂಥ ಬೋಳು ಜಾಗದ ಗಾಳಿಯಲ್ಲಿ ಇದು ದೊಡ್ಡ ವ್ಯತ್ಯಾಸ. ಅಲ್ಲಿ ನನ್ನ ಗ್ಯಾಸ್ ಅರ್ಧಕ್ಕರ್ಧ ಗಾಳಿಗೇ ಹೋಗಿದೆ.

ಸೋಮವಾರಪೇಟೆ ಏಲಕ್ಕಿ:
ತೋಟದಲ್ಲಿ ಟೆಂಟ್ ಹಾಕುವವರಿಗೆ ನನ್ನದೊಂದು ಮಾತು. ನಮ್ಮ ಕಡೆ ಆನೆ ಇದೆ. ರಾತ್ರಿ ಅದು ಬರುವುದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಕೊಂಬೆ ಮುರಿಯುವ ಸದ್ದು, ಕಿವಿ ಬೀಸುವ ಸದ್ದು. ಒಮ್ಮೆ ಹುಡುಗರ ಗುಂಪೊಂದು ನಮ್ಮ ತೋಟದಲ್ಲಿ ಬೀಡುಬಿಟ್ಟಿತ್ತು. ಅವರ ಸ್ಟೋವಿನ ಭೋರ್ಗರೆತಕ್ಕೆ ಪಕ್ಕದಲ್ಲಿ ನಿಂತು ಕೂಗಿದ್ದೂ ಕೇಳುತ್ತಿರಲಿಲ್ಲ. ಹಲಸಿನ ಮರದ ಹತ್ತಿರ ಆನೆ ಬಂದದ್ದು ಗೊತ್ತಾಗಿದ್ದು ನಮ್ಮ ನಾಯಿಯಿಂದ. ದೇವರ ದಯೆ, ಏನೂ ಆಗಲಿಲ್ಲ. ಸದ್ದಿಲ್ಲದ ಸ್ಟೋವ್ ಇದ್ದರೆ ಅದನ್ನು ತೆಗೆದುಕೊಳ್ಳಿ. ಕತ್ತಲಾಗುವ ಮೊದಲೇ ಅಡುಗೆ ಮುಗಿಸಿ. ಎಲ್ಲಿ ಟೆಂಟ್ ಹಾಕಬೇಕು ಅಂತ ತೋಟದವರನ್ನು ಕೇಳಿ, ಅವರು ತೋರಿಸಿದ ಜಾಗದಲ್ಲೇ ಹಾಕಿ.

ಬ್ರಹ್ಮಗಿರಿ ಅಕ್ಕ:
ಇದು ಯಾವ ಬರಹದಲ್ಲೂ ಸಿಗದ ಮಾತು. ನಾನು ಡ್ರ್ಯಾಗನ್‌ಫ್ಲೈ ಹೊಗಳಿ ಹೊಗಳಿ ಅದರ ಸದ್ದನ್ನೇ ಹೇಳಲಿಲ್ಲ. ಅದರದ್ದು ನಿಜಕ್ಕೂ ಭೋರ್ಗರೆತ. ಓಮ್ನಿಫ್ಯೂಯಲ್ ಕೂಡ ಅದೇ ಜಾತಿ. ವಿಸ್ಪರ್‌ಲೈಟ್ ಹೆಸರಿಗೆ ತಕ್ಕ ಹಾಗೆ ಮೆಲ್ಲಗೆ ಉರಿಯುತ್ತದೆ. ಗದ್ದಲದ ಬರ್ನರ್‌ಗಳ ಮೇಲೆ ಕೂರಿಸಲು ಸದ್ದು ತಗ್ಗಿಸುವ ಮುಚ್ಚಳ ಬೇರೆ ಮಾರುತ್ತಾರೆ. ಕೊಡಗಿನಲ್ಲಿ ರಾತ್ರಿ ಉಳಿಯುವವರು ಇದನ್ನು ಯೋಚಿಸಲೇಬೇಕು.

ಕಕ್ಕಬ್ಬೆ ಹುಡುಗ:
ಸರ್, ತುಂಬಾ ಉಪಕಾರವಾಯಿತು. ಹಾಗಾದರೆ ವಿಸ್ಪರ್‌ಲೈಟ್ ಯೂನಿವರ್ಸಲ್ ಕಡೆಗೆ ಮನಸ್ಸು ವಾಲುತ್ತಿದೆ. ಇಲ್ಲಿಗೆ ಗ್ಯಾಸ್, ಲಡಾಖಿಗೆ ಪೆಟ್ರೋಲ್. ಲೇಹಕ್ಕೆ ವಿಮಾನದಲ್ಲಿ ಸ್ಟೋವ್ ಒಯ್ಯಬಹುದಾ?

ಬ್ರಹ್ಮಗಿರಿ ಅಕ್ಕ:
ಇಂಧನ ಮತ್ತು ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಲ್ಕುಲ್ ಇಲ್ಲ. ಸ್ಟೋವ್ ಒಯ್ಯಬೇಕಾದರೆ ಪೂರ್ತಿ ಒಣಗಿ, ವಾಸನೆಯೂ ಇಲ್ಲದಂತಿರಬೇಕು. ವಿಮಾನದವರನ್ನು ಮೊದಲೇ ಕೇಳಿಕೊಳ್ಳಿ. ಬಳಸಿದ ಬಾಟಲಿಯ ವಾಸನೆ ಹೋಗುವುದು ಕಷ್ಟ. ಲಡಾಖಿಗೆ ಹೊಸ ಬಾಟಲಿ ಇಟ್ಟುಕೊಳ್ಳುವುದು ವಾಸಿ. ರೈಲಿನಲ್ಲೂ ಬಸ್ಸಿನಲ್ಲೂ ಪೆಟ್ರೋಲ್ ಒಯ್ಯುವಂತಿಲ್ಲ. ಮೈಸೂರಿನಿಂದ ಬಸ್ಸಿನಲ್ಲಿ ಬರುವವರು ಊರಿಗೆ ಬಂದ ಮೇಲೆಯೇ ತುಂಬಿಸಿಕೊಳ್ಳಿ. ಪ್ಲಾಸ್ಟಿಕ್ ಬಾಟಲಿ ಹಿಡಿದು ಬಂಕಿಗೆ ಹೋಗಬೇಡಿ, ಬೈಕಿನ ಟ್ಯಾಂಕಿನಿಂದ ತೆಗೆದುಕೊಳ್ಳುವುದೇ ಸರಳ.

ಮರ್ಖಾದಲ್ಲಿ ಇನ್ನೊಂದು ವಿಷಯ. ಲೇಹ 3500 ಮೀಟರ್, ಅಲ್ಲಿಯೇ ನೀರು 88 ಡಿಗ್ರಿ ಆಸುಪಾಸಿನಲ್ಲಿ ಕುದಿಯುತ್ತದೆ. ಮರ್ಖಾ ದಾರಿಯಲ್ಲಿ ರಾತ್ರಿ ಉಳಿಯುವ ನಿಮಾಲಿಂಗ್ ಇನ್ನೂ ಸಾವಿರ ಮೀಟರಿಗಿಂತ ಮೇಲೆ. ಕುದಿ ಬಂದರೂ ಬೇಳೆ ಬೇಯುವುದಿಲ್ಲ. ಎರಡು ಲೀಟರಿನ ಪುಟ್ಟ ಕುಕ್ಕರ್ ಒಯ್ಯಿರಿ. ಅದನ್ನು ಹೊತ್ತ ಭಾರ ಇಂಧನದ ಉಳಿತಾಯದಲ್ಲಿ ಸರಿಹೋಗುತ್ತದೆ. ನಮ್ಮ ತಡಿಯಂಡಮೋಳ್ 1748 ಮೀಟರ್, ಇಲ್ಲಿ ಆ ಚಿಂತೆ ಇಲ್ಲ.

ಕುಶಾಲನಗರ ಸೈಕಲ್:
ಜನವರಿ ಕಳೆದು ಹುಲ್ಲು ಒಣಗಿದ ಮೇಲೆ ಹೋಗುವವರು ಹುಷಾರು. ಸ್ಟೋವ್ ಆದರೂ ಬೆಂಕಿ ಬೆಂಕಿಯೇ. ಬಂಡೆಯ ಮೇಲೋ ಬರಿಯ ಮಣ್ಣಿನ ಮೇಲೋ ಇಡಿ. ಸುತ್ತ ಎರಡು ಮಾರು ತರಗೆಲೆ ಗುಡಿಸಿ. ಅಭಯಾರಣ್ಯದೊಳಗೆ ಹಚ್ಚಲೇಬೇಡಿ, ಕಾನೂನಿನ ಪ್ರಕಾರವೂ ಅಪರಾಧ. ಬುತ್ತಿ ಕಟ್ಟಿಕೊಂಡು ಹೋಗಿ.

ಗೋಣಿಕೊಪ್ಪ ಗ್ಯಾರೇಜ್:
ಹೊಸ ಸ್ಟೋವ್ ಬಂದ ಮೇಲೆ ಮೊದಲು ಮನೆ ಅಂಗಳದಲ್ಲಿ ಹಚ್ಚಿ. ಒಂದು ಸಲ ಅಲ್ಲ, ಹತ್ತು ಸಲ. ಒಮ್ಮೆ ಪೂರ್ತಿ ಬಿಚ್ಚಿ ಜೋಡಿಸಿ. ಬೆಟ್ಟದ ಮೇಲೆ ಟಾರ್ಚ್ ಬೆಳಕಿನಲ್ಲಿ ಕಲಿಯುವ ಕೆಲಸ ಅಲ್ಲ ಇದು.

ಕಕ್ಕಬ್ಬೆ ಹುಡುಗ:
ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಯೂನಿವರ್ಸಲ್ ತೆಗೆದುಕೊಂಡೆ. ಕಾಫಿ ಒಣಗಿಸುವ ಕಣದಲ್ಲಿ ಅಮ್ಮನ ಎದುರೇ ಹನ್ನೊಂದು ಸಲ ಹಚ್ಚಿದೆ. ಮೊದಲ ಮೂರು ಸಲ ಇಂಧನ ಜಾಸ್ತಿ ಬಿಟ್ಟೆ, ಪಾತ್ರೆಯೆಲ್ಲ ಮಸಿ. ನಾಲ್ಕನೇ ಸಲದಿಂದ ಅಕ್ಕ ಹೇಳಿದ ಹಾಗೆ ಜೆಲ್ ಹಾಕಿದೆ, ಸರಿಹೋಯಿತು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆ. ಗಾಳಿಗೆ ತಗಡು ಕಟ್ಟಿದರೆ ಒಂದು ಲೀಟರ್ ನೀರಿಗೆ 17 ಗ್ರಾಂ ಪೆಟ್ರೋಲ್. ತಗಡು ಇಲ್ಲದೆ 26. ಈ ಲೆಕ್ಕದಲ್ಲಿ ಐದು ಜನಕ್ಕೆ ದಿನಕ್ಕೆ 200 ಮಿ.ಲೀ. ಇಟ್ಟುಕೊಂಡರೆ ಅನ್ನ, ಸಾರು, ಎರಡು ಹೊತ್ತಿನ ಬೆಲ್ಲದ ಕಾಫಿ ಎಲ್ಲ ಆಗುತ್ತದೆ ಅನ್ನಿಸುತ್ತಿದೆ.

ಒಂದೇ ತೊಂದರೆ ಉಳಿದಿದೆ. ನಿನ್ನೆ ಪಂಪ್ ಒತ್ತುವಾಗ ಕೈಗೆ ಬಿಗಿಯೇ ಸಿಗಲಿಲ್ಲ, ಸುಮ್ನೆ ಒಳಗೆ ಹೋಗಿ ಬಂತು.

ಸೋಮವಾರಪೇಟೆ ಏಲಕ್ಕಿ:
ಚರ್ಮದ ವಾಷರ್ ಒಣಗಿದೆ ತಮ್ಮಾ. ಎರಡು ತೊಟ್ಟು ಎಣ್ಣೆ ಬಿಡು, ಬೆರಳಿನಲ್ಲಿ ಅಂಚು ಅಗಲಿಸು, ತಿರುಗಿಸುತ್ತಾ ಒಳಗೆ ತೂರಿಸು. ನೇರ ತಳ್ಳಿದರೆ ಅಂಚು ಮಡಚಿಕೊಳ್ಳುತ್ತದೆ.

ಕಕ್ಕಬ್ಬೆ ಹುಡುಗ:
ಈಗ ತಾನೇ ಮಾಡಿದೆ ಸರ್. ಹದಿನೈದು ಸಲಕ್ಕೆ ಗಟ್ಟಿಯಾಯಿತು. ಶುಕ್ರವಾರ ಹೊರಡುತ್ತೇವೆ.